ಹೇರಿದವನ ಹೊಣೆ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಅಪ್ಪಣೆ ಮಾಡಿದಾಗ, ವ್ಯಾಕರಣವನ್ನೋ ಛಂದಸ್ಸನ್ನೋ ಕುರಿತು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಆದರೆ ಮಲಪನಗುಡಿಯಲ್ಲಿ ಬಸ್ಸಿಗಾಗಿ ಕಾದು ನಿಂತಾಗಲೆಲ್ಲ ನನ್ನನ್ನು ಕಾಡುವ ವಿಷಯ ಬೇರೆಯೇ ಆಗಿದೆ. ಹೊಸಪೇಟೆಯಿಂದ ಕಮಲಾಪುರ, ಹಂಪೆಗಳತ್ತ ಸಾಗುವ ಈ ದಾರಿಯಲ್ಲಿ ಬಾಳೆಗೊನೆ, ಕಬ್ಬು, ಹುಲ್ಲುಗಳನ್ನು ಹೇರಿದ ವಾಹನಗಳು ಓಲಾಡುತ್ತ ಬರುತ್ತವೆ. ಅದೇ ದಾರಿಯ ಅಂಚಿನಲ್ಲಿ ನಮ್ಮ ಮಕ್ಕಳು ಪುಸ್ತಕದ ಚೀಲ ಹೊತ್ತು ನಡೆಯುತ್ತಾರೆ.

'ಕಟ್ಟು' ಎಂಬುದು ಕನ್ನಡದ ಸತ್ತ್ವಶಾಲಿಯಾದ ಧಾತು. ಹಗ್ಗ ಬಿಗಿಯುವುದಕ್ಕೂ ಮನೆ ಎಬ್ಬಿಸುವುದಕ್ಕೂ ಅದೊಂದೇ ಪದ. ಕಟ್ಟಳೆ, ಕಟ್ಟುಪಾಡುಗಳೂ ಅದರಿಂದಲೇ ಹುಟ್ಟಿದವು. ಹಿಂದಿನ ಗಾಡಿಕಾರನು ಹೇರು ಮುಂದಕ್ಕೆ ವಾಲಿದರೆ ಎತ್ತಿನ ಹೆಗಲು ನೋಯುವುದೆಂದೂ, ಹಿಂದಕ್ಕೆ ವಾಲಿದರೆ ಮೂಕಿ ಮೇಲೇಳುವುದೆಂದೂ ಬಲ್ಲವನಾಗಿದ್ದನು. ಎತ್ತಿನ ನೋವೇ ಅವನಿಗೆ ಶಾಸ್ತ್ರವನ್ನು ಕಲಿಸಿತ್ತು. ಯಂತ್ರಕ್ಕೆ ನೋವಿಲ್ಲ, ಆದುದರಿಂದ ಆ ಶಾಸ್ತ್ರವನ್ನು ನಾವೇ ಕಲಿಯಬೇಕಾಗಿದೆ.

ವಾಹನವು ತಟ್ಟನೆ ನಿಂತರೂ ಅದರ ಮೇಲಿನ ಸರಕು ನಿಲ್ಲದೆ ಮುನ್ನುಗ್ಗುತ್ತದೆ. ತನ್ನ ಭಾರದಿಂದಲೇ ಅದು ಕದಲದೆ ಕುಳಿತಿರುತ್ತದೆಂಬ ನಂಬಿಕೆ ಹುಸಿಯಾದುದು. ಸರಕಿನ ತೂಕದ ನೂರಕ್ಕೆ 80 ಪಾಲು ಬಲವನ್ನು ಮುಂದಕ್ಕೂ, 50 ಪಾಲು ಬಲವನ್ನು ಹಿಂದಕ್ಕೂ ಪಕ್ಕಗಳಿಗೂ ತಡೆದು ನಿಲ್ಲಿಸುವಂತಿರಬೇಕೆಂಬುದು ಯುರೋಪಿನ ದೇಶಗಳು ಅನುಸರಿಸುವ ಮಾನ. ಎಂದರೆ, ಹತ್ತು ಟನ್ ಸರಕಿಗೆ ಮುಂದಿನ ತಡೆ ಎಂಟು ಟನ್ನಿನಷ್ಟಾದರೂ ಇರಬೇಕು. ಸವೆದ ಒಂದೆರಡು ಹಗ್ಗಗಳಿಂದ ಇದು ಆಗುವ ಕೆಲಸವೇ?

ಸರಕಿನ ಸ್ವಭಾವವನ್ನೂ ಅರಿಯಬೇಕು. ಸಂಡೂರಿನ ಅದಿರು ಲಾರಿಯ ಪೆಟ್ಟಿಗೆ ತುಂಬುವ ಮೊದಲೇ ತೂಕದ ಮಿತಿಯನ್ನು ಮೀರುತ್ತದೆ. ಕಂಪ್ಲಿಯ ಭತ್ತದ ಹುಲ್ಲು ತೂಕ ಮೀರುವ ಮೊದಲೇ ಎತ್ತರ ಅಗಲಗಳನ್ನು ಮೀರುತ್ತದೆ. ಒಂದರಲ್ಲಿ ಕಣ್ಣು ಮೋಸಹೋಗುತ್ತದೆ, ಇನ್ನೊಂದರಲ್ಲಿ ತಕ್ಕಡಿ. ಅದಿರಿನ ಲಾರಿಗಳ ಮಿತಿಮೀರಿದ ಹೇರನ್ನು ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ವರದಿಗಳೂ ಎತ್ತಿ ತೋರಿಸಿದ್ದುವು. ಆ ವರ್ಷಗಳಲ್ಲಿ ಕೆಂಧೂಳಿನ ನಡುವೆ ಉಸಿರು ಬಿಗಿಹಿಡಿದು ನಡೆದವರಿಗೆ ವರದಿಯ ಅಗತ್ಯವೂ ಇರಲಿಲ್ಲ.

2025ರ ಜನವರಿ 22ರಂದು ಸವಣೂರಿನಿಂದ ಕುಮಟಾದ ಸಂತೆಗೆ ಹೊರಟಿದ್ದ ಹಣ್ಣು ತರಕಾರಿಗಳ ಲಾರಿಯು ಯಲ್ಲಾಪುರದ ಬಳಿ ಕಂದಕಕ್ಕೆ ಉರುಳಿ, ಸರಕಿನೊಡನೆ ಪಯಣಿಸುತ್ತಿದ್ದ ಹತ್ತು ಮಂದಿ ವ್ಯಾಪಾರಿಗಳು ಅಸುನೀಗಿದರು. ಅದನ್ನು ಓದಿದಾಗ ನನಗೆ ಹಳೆಯ ದೃಶ್ಯವೊಂದು ನೆನಪಾಗಿ ನಾಚಿಕೆಯಾಯಿತು. ಹಿಂದೆ ನಾನಿದ್ದ ಊರೊಂದರಲ್ಲಿ ಅಕ್ಕಿಯ ಮೂಟೆಗಳ ಮೇಲೆ ಹುಡುಗರು ಕುಳಿತು ಹಾಡುತ್ತ ಟ್ರಾಕ್ಟರಿನಲ್ಲಿ ಬಂದಾಗ, ಅವರನ್ನು ಇಳಿಸಬೇಕಾಗಿದ್ದ ನಾನು ಅವರ ಉಚ್ಚಾರಣೆಯನ್ನು ಮೆಚ್ಚಿ ಸುಮ್ಮನೆ ನಿಂತಿದ್ದೆನು. ಅಂದು ಏನೂ ಆಗಲಿಲ್ಲ. ಏನೂ ಆಗದಿದ್ದುದೇ ನಮ್ಮನ್ನು ಕೆಡಿಸುವ ಗುರು.

ಇಂತಹ ಅನಾಹುತಗಳಲ್ಲಿ ಚಾಲಕನೊಬ್ಬನನ್ನೇ ದೂರುವುದು ಲೋಕರೂಢಿ. ಕಾಯ್ದೆ ಹಾಗೆ ಹೇಳುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯು, 2019ರ ತಿದ್ದುಪಡಿಯ ಬಳಿಕ, ಮಿತಿಮೀರಿದ ಹೇರಿಗೂ ಹೊರಚಾಚಿದ ಸರಕಿಗೂ ಇಪ್ಪತ್ತು ಸಾವಿರ ರೂಪಾಯಿಗಳ ದಂಡವನ್ನು ವಿಧಿಸುತ್ತದೆ. ಓಡಿಸಿದವನೊಡನೆ ಓಡಿಸಲು ಹೇಳಿದವನನ್ನೂ ಬಿಟ್ಟುಕೊಟ್ಟವನನ್ನೂ ಹೊಣೆಗಾರನೆನ್ನುತ್ತದೆ. ಒಂದು ಬಾಡಿಗೆಯಲ್ಲಿ ಎರಡರ ಸರಕು ಸಾಗಲೆಂದು ಬಯಸುವ ಒಡೆಯನೂ, ಬೇಗ ಮುಗಿಸೆಂದು ಹಮಾಲನನ್ನು ಅವಸರಪಡಿಸುವ ವರ್ತಕನೂ ಆ ಪದಗಳೊಳಗೆ ಬರುತ್ತಾರೆ.

ಈ ಸಂಚಿಕೆಯನ್ನು ಓದುವ ದಾನಿಗಳಲ್ಲಿ ಲಾರಿ, ಟ್ರಾಕ್ಟರುಗಳ ಒಡೆಯರಿದ್ದಾರೆ. ಹಳೆಯ ವಿದ್ಯಾರ್ಥಿಗಳಲ್ಲಿ ಚಾಲಕರಿದ್ದಾರೆ. ಅವರಲ್ಲಿ ನನ್ನದೊಂದು ವಿನಂತಿ. ಶಾಲೆಗೆ ಕೊಠಡಿ ಕಟ್ಟಿಸಿಕೊಟ್ಟ ಕೈಗಳು ತಮ್ಮ ವಾಹನದ ಹೇರನ್ನೂ ಕಟ್ಟಿಸಲಿ. ಗಟ್ಟಿಯಾದ ಹಗ್ಗ, ಪಟ್ಟಿ, ತಾಡಪಾಲುಗಳಿಗೆ ಮಾಡುವ ವೆಚ್ಚವನ್ನು ನಷ್ಟವೆಂದು ಬರೆಯದಿರಲಿ. ಅಧ್ಯಾಪಕ ಮಿತ್ರರು ವಿಜ್ಞಾನದ ಪಾಠದಲ್ಲಿ ಜಡತ್ವವನ್ನು ಬೋಧಿಸುವಾಗ ಕಿಟಕಿಯಾಚೆಯ ಲಾರಿಯನ್ನು ತೋರಿಸಲಿ. ಸರಕು ಒಂದು ದಿನ ತಡವಾಗಿ ತಲಪಬಹುದು. ಮಕ್ಕಳು ಮಾತ್ರ ಸಂಜೆಗೆ ಮನೆಯನ್ನು ತಲಪಲೇಬೇಕು.