ತಂಗಿಗೆ ಲಸಿಕೆ ಹಾಕಿಸಬೇಕೆ?

ತೆಂಗಿನ ತೋಟವಿರುವ ನಮ್ಮ ಕಡೆಯವರಿಗೆ ಅಣಬೆ ರೋಗದ ವಿಷಯವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಒಳಗೆ ಬೇರು ಕೊಳೆಯತೊಡಗಿ ಎಷ್ಟೋ ಕಾಲವಾದ ಮೇಲೆ ಬುಡದಲ್ಲಿ ಅಣಬೆ ಏಳುತ್ತದೆ; ಅದು ಕಣ್ಣಿಗೆ ಬಿದ್ದ ದಿನ ಮರದ ಆಸೆಯನ್ನು ಬಿಟ್ಟಂತೆಯೇ. ಆದುದರಿಂದ ಪಕ್ಕದ ತೋಟದಲ್ಲಿ ಒಂದು ಮರಕ್ಕೆ ರೋಗ ತಗುಲಿತೆಂದು ಕೇಳಿದೊಡನೆಯೇ ನಮ್ಮ ತಂದೆಯವರು ನಡುವೆ ಕಂದಕ ತೋಡಿಸಿ, ಬುಡಗಳಿಗೆ ಬೇವಿನ ಹಿಂಡಿ ಹಾಕಿಸುತ್ತಾರೆ. ನಮ್ಮ ಮರಕ್ಕೆ ಬಂದಾಗ ನೋಡೋಣವೆಂದು ಅವರು ಹೇಳಿದುದನ್ನು ನಾನು ಕೇಳಿಲ್ಲ. ಅಂಥವರು ಹದಿಮೂರು ವರ್ಷದ ನನ್ನ ತಂಗಿಯ ವಿಷಯದಲ್ಲಿ ಮಾತ್ರ, "ಮದ್ವೆ ಆದ್ಮೇಲೆ ನೋಡ್ಕಂಡ್ರಾಯ್ತು ಬಿಡು" ಎಂದುಬಿಟ್ಟರು.

ಮಾತು ಬಂದದ್ದು ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಲಸಿಕೆಯ ಮೇಲೆ. ತಂಗಿಯ ಶಾಲೆಯಲ್ಲಿ ವೈದ್ಯೆಯೊಬ್ಬರು ಈ ವಿಷಯ ಮಾತನಾಡಿ, ಒಂದು ಹಾಳೆ ಕೊಟ್ಟು ಕಳುಹಿಸಿದ್ದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳಾದುದರಿಂದ, ಬ್ಯಾಂಕಿನ ನೋಟೀಸಿನಿಂದ ಹಿಡಿದು ಪಹಣಿಯವರೆಗೆ ಬಂದ ಕಾಗದವನ್ನೆಲ್ಲ ಓದಿ ಹೇಳುವ ಕೆಲಸ ನನ್ನದು. ಇದನ್ನು ಓದುವಾಗ ಮಾತ್ರ ತಂದೆಯವರೆದುರು ನನ್ನ ನಾಲಗೆ ತಡವರಿಸಿತು. ವಿದ್ಯಾರ್ಥಿನಿಯೊಬ್ಬಳು ವಾರ್ಷಿಕ ಸಂಚಿಕೆಯಲ್ಲಿ ಬರೆಯತಕ್ಕ ವಿಷಯವೇ ಇದು ಎಂದು ವಾಚಕರಲ್ಲಿಯೂ ಕೆಲವರು ಹುಬ್ಬೇರಿಸಬಹುದು. ಆ ಹುಬ್ಬೇರಿಸುವಿಕೆಯೇ ಈ ರೋಗಕ್ಕೆ ಅರ್ಧ ಬಲವನ್ನು ಕೊಟ್ಟಿದೆಯೆಂದು ನನ್ನ ಅಲ್ಪಮತಿಗೆ ತೋರುತ್ತದೆ.

ಈ ಕ್ಯಾನ್ಸರಿಗೆ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್.ಪಿ.ವಿ. ಕಾರಣವೆಂದು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹೆಣ್ಣುಗಂಡಿನ ಕೂಡುವಿಕೆಯಿಂದ ಹರಡುವ ಈ ವೈರಸ್ ಬಹುಮಂದಿಯಲ್ಲಿ ತಾನಾಗಿಯೇ ತೊಲಗುತ್ತದೆ. ಕೆಲವರಲ್ಲಿ ಉಳಿದುಕೊಂಡು, ಹದಿನೈದಿಪ್ಪತ್ತು ವರ್ಷ ಸದ್ದಿಲ್ಲದೆ ಇದ್ದು, ಕಡೆಗೆ ಕ್ಯಾನ್ಸರಾಗಿ ತಲೆಯೆತ್ತುತ್ತದೆ. 2022ರ ಅಂದಾಜಿನಂತೆ ಆ ಒಂದು ವರ್ಷದಲ್ಲಿ ನಮ್ಮ ದೇಶದಲ್ಲಿ ಇದಕ್ಕೆ ಬಲಿಯಾದ ಸ್ತ್ರೀಯರು ಸುಮಾರು 80,000 ಮಂದಿ. ಲಸಿಕೆಯಾದರೋ ವೈರಸ್ ಸೋಂಕುವ ಮುನ್ನ ಕೊಟ್ಟರೆ ಕಾಯುತ್ತದೆಯೇ ಹೊರತು ಸೋಂಕಿದುದನ್ನು ವಾಸಿಮಾಡುವುದಿಲ್ಲ. ಒಂಬತ್ತರಿಂದ ಹದಿನಾಲ್ಕು ವರ್ಷದೊಳಗೆ ಹಾಕಿಸಿರೆಂದು ವೈದ್ಯರು ಹೇಳುವುದು ಇದಕ್ಕಾಗಿ. ಸ್ಕಾಟ್ಲೆಂಡಿನಲ್ಲಿ 2008ರಿಂದೀಚೆಗೆ ಹನ್ನೆರಡು ಹದಿಮೂರನೆಯ ವಯಸ್ಸಿನಲ್ಲಿ ಲಸಿಕೆಯನ್ನು ಪೂರ್ತಿಯಾಗಿ ಪಡೆದವರಲ್ಲಿ ಒಬ್ಬರಿಗೂ ಈ ಕ್ಯಾನ್ಸರ್ ಬಂದಿಲ್ಲವೆಂದು 2024ರಲ್ಲಿ ಪ್ರಕಟವಾಯಿತು.

ತಂದೆಯವರಿಗೆ ಅಡ್ಡಿಯಾದದ್ದು ಹಣವಲ್ಲ. ಪುಣೆಯ ಸೀರಂ ಸಂಸ್ಥೆಯ ಲಸಿಕೆ 2023ರಲ್ಲಿ ಮಾರುಕಟ್ಟೆಗೆ ಬಂದಾಗ ಒಂದು ಡೋಸಿಗೆ ಎರಡು ಸಾವಿರ ರೂಪಾಯಿ. 2024ರ ಬೆಂಬಲ ಬೆಲೆಯ ಲೆಕ್ಕದಲ್ಲಿ ಹದಿನೇಳು ಕಿಲೋ ಉಂಡೆ ಕೊಬ್ಬರಿ. ಅಡ್ಡಿಯಾದದ್ದು ಶೀಲದ ಪ್ರಶ್ನೆ. ಇಂಥ ಲಸಿಕೆ ಹಾಕಿಸಿದರೆ ಮಗಳ ಮೇಲೆ ನಮಗೇ ಅನುಮಾನವಿದ್ದಂತಾಗುವುದಿಲ್ಲವೆ ಎಂಬ ಸಂಕೋಚ. ಆದರೆ ಗಂಡನ ಮನೆಯ ಹೊಸ್ತಿಲು ಬಿಟ್ಟು ಕದಲದ ಸಾಧ್ವಿಗೂ ಈ ವೈರಸ್ ಗಂಡನಿಂದಲೇ ಬರಬಹುದಷ್ಟೆ. ಹೆಣ್ಣಿನ ಶೀಲವನ್ನು ಅಳೆಯಹೊರಟ ನಾವು ಗಂಡಿನ ಮಾತನ್ನೇ ಎತ್ತಲಿಲ್ಲ! ಆಸ್ಟ್ರೇಲಿಯಾದಲ್ಲಿ 2013ರಿಂದ ಹುಡುಗರಿಗೂ ಈ ಲಸಿಕೆ ಹಾಕುತ್ತಿದ್ದಾರೆಂಬುದನ್ನು ಇಲ್ಲಿ ನೆನೆಯಬಹುದು.

ನಾನು ಎರಡನೆಯ ಪಿ.ಯು.ಸಿ.ಯಲ್ಲಿದ್ದಾಗ ತುರುವೇಕೆರೆಯ ಕಡೆಗೆ ಕೊಟ್ಟಿದ್ದ ನಮ್ಮ ಸೋದರತ್ತೆ ತೀರಿಕೊಂಡರು. ಹೊಟ್ಟೆಯಲ್ಲಿ ಗೆಡ್ಡೆ ಎಂದಷ್ಟೇ ಎಲ್ಲರೂ ಹೇಳಿದರು. ಮುಟ್ಟು ನಿಂತು ಮೂರು ವರ್ಷವಾದ ಮೇಲೆ ಅವರಿಗೆ ಮತ್ತೆ ರಕ್ತ ಕಾಣಿಸಿದ್ದು, ಅದನ್ನು ಅವರು ಒಂದು ವರ್ಷ ಮುಚ್ಚಿಟ್ಟಿದ್ದು, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುವ ವೇಳೆಗೆ ರೋಗ ಬಲಿತಿದ್ದುದು, ಇವೆಲ್ಲ ನನ್ನ ತಾಯಿಗೆ ಮಾತ್ರ ಗೊತ್ತಿತ್ತು. ಯಾರಿಗೂ ಹೇಳಬೇಡವೆಂದು ಅತ್ತೆ ಆಣೆಯಿಡಿಸಿಕೊಂಡಿದ್ದರಂತೆ. ಹಾಳೆಯನ್ನು ಓದಿದ ರಾತ್ರಿ ತಾಯಿ ಆ ಆಣೆಯನ್ನು ಮುರಿದರು. "ನಿಮ್ಮಕ್ಕಂಗೆ ಬಂದಿದ್ದು ಇದೇ ಕಣ್ರೀ" ಎಂದರು. ತಂದೆಯವರು ಮಾತನಾಡದೆ ಹೊರಗೆ ಹೋಗಿ, ಬಹಳ ಹೊತ್ತು ಜಗಲಿಯ ಮೇಲೆ ಕುಳಿತಿದ್ದರು.

ಬಂಜೆತನ ಬರುವುದೆಂದು ಬೀದಿಯಲ್ಲಿ ಹಬ್ಬಿರುವ ಮಾತಿಗೆ ಆಧಾರವಿಲ್ಲ. 2017ರ ವೇಳೆಗೇ ಜಗತ್ತಿನಲ್ಲಿ 27 ಕೋಟಿಗೂ ಹೆಚ್ಚು ಡೋಸ್ ವಿತರಣೆಯಾಗಿತ್ತು; ವಿಶ್ವ ಆರೋಗ್ಯ ಸಂಸ್ಥೆಯ ಸಲಹಾ ಸಮಿತಿ ಪರಿಶೀಲಿಸಿ, ಲಸಿಕೆ ಅತ್ಯಂತ ಸುರಕ್ಷಿತವೆಂದಿತು. ಹಳೆಯ ಕಾಲದಲ್ಲಿ ಸಿಡುಬಿನ ಲಸಿಕೆಗೂ ಜನ ಹೆದರಿದ್ದರು. ಆಗ ಮೈಸೂರಿನ ರಾಣಿ ದೇವಾಜಮ್ಮಣ್ಣಿಯವರು ದೇವಿ ಹಾಕಿಸಿಕೊಂಡ ತೋಳನ್ನು ತೋರಿಸುತ್ತ ನಿಂತಂತೆ ಥಾಮಸ್ ಹಿಕಿ 1805ರಲ್ಲಿ ಚಿತ್ರ ಬರೆದನೆಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ನಮ್ಮ ಅಜ್ಜಿಯ ತೋಳಿನ ಮೇಲೆ ಆ ಗುರುತು ಇಂದಿಗೂ ಇದೆ.

ಆದರೂ ಹೆದರಿದವರನ್ನೆಲ್ಲ ಮೂಢರೆಂದು ತಳ್ಳಿಬಿಡುವುದು ನ್ಯಾಯವಲ್ಲ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಸಾವಿರಾರು ಬಾಲಕಿಯರಿಗೆ ಪ್ರಾಯೋಗಿಕ ಯೋಜನೆಯೊಂದರಲ್ಲಿ ಈ ಲಸಿಕೆ ಹಾಕಿದಾಗ, ಎಷ್ಟೋ ಹಾಸ್ಟೆಲುಗಳಲ್ಲಿ ತಂದೆತಾಯಿಗಳ ಪರವಾಗಿ ವಾರ್ಡನ್ನರೇ ಸಹಿ ಮಾಡಿದ್ದರು. ಖಮ್ಮಂ ಮತ್ತು ಗುಜರಾತಿನ ವಡೋದರಗಳಲ್ಲಿ ಏಳು ಬಾಲಕಿಯರ ಸಾವು ವರದಿಯಾಗಿ, 2010ರ ಏಪ್ರಿಲಿನಲ್ಲಿ ಯೋಜನೆ ನಿಂತಿತು. ಸಾವುಗಳಿಗೆ ಲಸಿಕೆ ಕಾರಣವೆಂದು ವಿಚಾರಣೆಯಲ್ಲಿ ಕಂಡುಬರಲಿಲ್ಲ. ಕೇಳದೆ ಚುಚ್ಚಿದ ತಪ್ಪು ಮಾತ್ರ ತಪ್ಪಾಗಿಯೇ ಉಳಿಯಿತು. ಹಾಸ್ಟೆಲಿನಲ್ಲಿದ್ದು ಓದುವ ನನ್ನ ಸೋದರಿಯರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಆದಕಾರಣ ತಂಗಿಯನ್ನೇ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ತೋಳು ಒಂದೆರಡು ದಿನ ನೋಯುತ್ತದೆ, ಕೆಲವರಿಗೆ ತಲೆಸುತ್ತು ಬರುವುದುಂಟು, ಹಾಕಿಸಿಕೊಂಡ ಮೇಲೆ ಕಾಲು ಗಂಟೆ ಅಲ್ಲೇ ಕುಳಿತಿರಬೇಕು ಎಂಬುದನ್ನೂ, ಈ ವೈರಸ್ಸಿನ ಎಲ್ಲ ಬಗೆಗಳನ್ನೂ ಲಸಿಕೆ ತಡೆಯದಿರುವುದರಿಂದ ಮೂವತ್ತು ದಾಟಿದ ಮೇಲೆ ಪರೀಕ್ಷೆ ಮಾಡಿಸಿಕೊಳ್ಳಲೇಬೇಕೆಂಬುದನ್ನೂ ಮುಚ್ಚಿಡಲಿಲ್ಲ. ಅವಳು ಕೇಳಿದ್ದು ಎರಡೇ ಮಾತು: "ಅಕ್ಕ, ನೀನು ಹಾಕಿಸ್ಕಂಡಿದೀಯಾ? ಅಮ್ಮ ಪರೀಕ್ಷೆ ಮಾಡಿಸ್ಕಂಡಿದಾಳಾ?"

ಎರಡಕ್ಕೂ ಇಲ್ಲವೆನ್ನಬೇಕಾಯಿತು. ಇಪ್ಪತ್ತು ವರ್ಷದವಳಾದ ನನಗೂ ಇನ್ನೂ ಅವಕಾಶವಿದೆಯೆಂದು ವೈದ್ಯೆ ಹೇಳಿದ್ದಾರೆ. ಕೊಬ್ಬರಿ ಹರಾಜಿನ ಮಾರನೆಯ ದಿನ ಮೂವರೂ ತಿಪಟೂರಿಗೆ ಹೋಗುವುದೆಂದು ನಿಶ್ಚಯವಾಗಿದೆ. ಬಸ್ಸಿನ ವೇಳೆಯನ್ನು ಕೇಳಿಕೊಂಡು ಬಂದವರು ತಂದೆಯವರೇ.