ನಮ್ಮ ಕೋಡ್‌ಗೆ ನಾವೇ ಪರೀಕ್ಷಕರಾದರೆ ಸಾಕೆ?

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತು ಸಾಫ್ಟ್‌ವೇರ್‌ಗೂ ಒಪ್ಪುತ್ತದೆ. ಕೋಡ್ ಬರೆದವರೇ ಟೆಸ್ಟ್‌ಗಳನ್ನೂ ಬರೆದರೆ ಸಾಮಾನ್ಯವಾಗಿ ಎಲ್ಲವೂ ಪಾಸು. ತಮಗೆ ಹೊಳೆದ ತಪ್ಪುಗಳನ್ನಷ್ಟೇ ಅವರು ಹುಡುಕಿರುತ್ತಾರೆ. ಲೈಬ್ರರಿಯನ್ನು ಬಳಸುವವರೋ, ಬರೆದವರು ಕನಸಿನಲ್ಲೂ ಎಣಿಸದ ರೀತಿಯಲ್ಲಿ ಬಳಸುತ್ತಾರೆ. ಹೊಸ ಆವೃತ್ತಿ ಬಂದ ದಿನ ಪೆಟ್ಟು ತಿನ್ನುವವರು ಅವರೇ.

ಇದಕ್ಕೆ ಓಪನ್ ಸೋರ್ಸ್ ಜಗತ್ತು ಕಂಡುಕೊಂಡ ಉಪಾಯ, ಬಳಕೆದಾರರ ಕೋಡನ್ನೇ ಪರೀಕ್ಷೆಗೆ ಹಚ್ಚುವುದು. 2015ರ ಮೇ ತಿಂಗಳಲ್ಲಿ ರಸ್ಟ್ ಭಾಷೆಯ 1.0 ಆವೃತ್ತಿ ಬಂದಾಗ, ಇಂದು ಓಡುವ ಪ್ರೋಗ್ರಾಂ ಮುಂದೆಯೂ ಓಡಬೇಕು ಎಂದು ಅದರ ತಂಡ ಮಾತು ಕೊಟ್ಟಿತು. ಆರು ವಾರಕ್ಕೊಂದು ಆವೃತ್ತಿ ಹೊರಡಿಸುತ್ತಾ ಈ ಮಾತು ಉಳಿಸಿಕೊಳ್ಳುವುದು ಸುಲಭವೇ? ಅದಕ್ಕೆಂದೇ ಕ್ರೇಟರ್ ಎಂಬ ಸಾಧನವಿದೆ. ಭಾಷೆಯ ಸಾರ್ವಜನಿಕ ಪ್ಯಾಕೇಜುಗಳನ್ನೂ ಗಿಟ್‌ಹಬ್‌ನಲ್ಲಿರುವ ರಸ್ಟ್ ಕೋಡನ್ನೂ ತಂದು, ಹಳೆಯ ಕಂಪೈಲರ್‌ನಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ಕಂಪೈಲ್ ಮಾಡಿ ಅದು ಹೋಲಿಸುತ್ತದೆ. ಹಳೆಯದರಲ್ಲಿ ಸರಿಯಿದ್ದು ಹೊಸದರಲ್ಲಿ ಕೆಟ್ಟರೆ ವರದಿಗೆ ಸೇರುತ್ತದೆ. ಯಾರೋ ಅಪರಿಚಿತರ ಕೋಡ್ ಆದ್ದರಿಂದ, ನೆಟ್‌ವರ್ಕ್ ಕಡಿದ ಕಂಟೇನರ್ ಒಳಗೆ ಓಡಿಸುತ್ತಾರೆ. ನೋಡ್ ಜೆಎಸ್ ತಂಡವೂ ಎನ್‌ಪಿಎಂ ಪ್ಯಾಕೇಜುಗಳ ಮೇಲೆ ಇದೇ ಕೆಲಸ ಮಾಡುತ್ತದೆ. ಅದರ ಸಾಧನದ ಹೆಸರು ‘ಕೆನರಿ ಇನ್ ದ ಗೋಲ್ಡ್‌ಮೈನ್’. ಗಣಿಯ ವಿಷಾನಿಲದ ಸುಳಿವು ಕೊಡುತ್ತಿದ್ದ ಪುಟ್ಟ ಹಕ್ಕಿಯ ನೆನಪು.

ತಕರಾರುಗಳೂ ಇವೆ. ಟೆಸ್ಟ್ ಬಿದ್ದರೆ ತಪ್ಪು ಯಾರದು? ಅವರ ಕೋಡ್ ನಿನ್ನೆ ರಾತ್ರಿ ಬದಲಾಗಿ ಇಂದು ನಮ್ಮ ಟೆಸ್ಟ್ ಕೆಂಪಾಗಬಹುದು. ಆದ್ದರಿಂದ ಅವರ ಒಂದು ನಿರ್ದಿಷ್ಟ ಆವೃತ್ತಿಯನ್ನೇ ಹಿಡಿದುಕೊಂಡು, ಆಗಾಗ ಬೇಕೆಂದೇ ಮುಂದಕ್ಕೆ ಸರಿಸಬೇಕು. ಲೈಸೆನ್ಸ್ ನೋಡದೆ ಅವರ ಕೋಡನ್ನು ನಮ್ಮ ಯೋಜನೆಯೊಳಗೆ ನಕಲು ಮಾಡುವುದಂತೂ ಬೇಡ; ಟೆಸ್ಟ್ ಓಡುವಾಗ ತರಿಸಿಕೊಂಡರೆ ಆಯಿತು.

ಇಷ್ಟೆಲ್ಲ ಇದ್ದೂ 2024ರ ಜುಲೈನಲ್ಲಿ ರಸ್ಟ್ 1.80 ಬಂದಾಗ, ‘ಟೈಮ್’ ಎಂಬ ಜನಪ್ರಿಯ ಲೈಬ್ರರಿಯ ಹಳೆಯ ಆವೃತ್ತಿಗಳು ಕಂಪೈಲ್ ಆಗುವುದನ್ನೇ ನಿಲ್ಲಿಸಿದವು. ಅದನ್ನೇ ನೆಚ್ಚಿಕೊಂಡಿದ್ದ ಯೋಜನೆಗಳೂ ಮುರಿದವು. ಕ್ರೇಟರ್ ಇದನ್ನು ಮೊದಲೇ ತೋರಿಸಿತ್ತು! ಲೈಬ್ರರಿಯಲ್ಲಿ ತಿದ್ದುಪಡಿಯಾಗಿತ್ತು, ಇಂಥ ಬದಲಾವಣೆಗೆ ನಿಯಮದಲ್ಲಿ ಅವಕಾಶವೂ ಇತ್ತು. ಹಾಗಾಗಿ ತಂಡ ಮುಂದುವರಿಯಿತು. ನನ್ನ ಪ್ರಕಾರ ಅದು ಅವಸರದ ತೀರ್ಮಾನ. ಹಳೆಯ ಆವೃತ್ತಿಯಲ್ಲೇ ನಿಂತವರು ಎಷ್ಟು ಜನ ಎಂಬ ಲೆಕ್ಕಕ್ಕೆ ಇನ್ನಷ್ಟು ತೂಕ ಸಿಗಬೇಕಿತ್ತು. ಆದರೂ ಸಾಧನ ತನ್ನ ಕೆಲಸ ಮಾಡಿತ್ತು ಎನ್ನುವುದನ್ನು ಮರೆಯಬಾರದು.

ದೊಡ್ಡ ತಂಡಗಳಿಗಷ್ಟೇ ಇದು ಸಾಧ್ಯ ಎನ್ನಬೇಕಿಲ್ಲ. ಸಣ್ಣ ಲೈಬ್ರರಿಗೆ ಅದನ್ನು ಬಳಸುವ ಮೂರು ನಾಲ್ಕು ಯೋಜನೆಗಳು ಸಾಕು, ವಾರಕ್ಕೊಮ್ಮೆ ಓಡಿಸಿದರೆ ಸಾಕು. ಸಾರ್ವಜನಿಕ ಯೋಜನೆಗಳಿಗೆ ಗಿಟ್‌ಹಬ್ ಇದನ್ನು ಉಚಿತವಾಗಿಯೇ ಓಡಿಸಿಕೊಡುತ್ತದೆ. ನಮ್ಮ ಬಿಇ ತರಗತಿಗಳಲ್ಲಿ ಇಂಟಿಗ್ರೇಷನ್ ಟೆಸ್ಟಿಂಗ್ ಎಂದರೆ ಉತ್ತರ ಪತ್ರಿಕೆಯಲ್ಲಿ ಬಿಡಿಸುವ ನಾಲ್ಕು ಚೌಕಗಳ ಚಿತ್ರ. ಅದರ ಬದಲು ಅಂತಿಮ ವರ್ಷದ ವೈವಾದಲ್ಲಿ, ಪಕ್ಕದ ತಂಡ ಬರೆದ ಕೋಡ್ ನಿಮ್ಮ ಲೈಬ್ರರಿಯ ಮೇಲೆ ಓಡುವುದನ್ನು ತೋರಿಸಿ ಎಂದು ಕೇಳಲಿ. ಅಂಕ ಕಡಿಮೆ ಬಂದರೂ ಪರವಾಗಿಲ್ಲ.