ಕಣ್ಣು ಕೀಳದೆ ಕೂತವಳು

ಫಿಲ್ಮ್ ನ್ವಾರ್ ಎಂಬ ಹಳೇ ಹಾಲಿವುಡ್ ಅಪರಾಧ ಚಿತ್ರಗಳಲ್ಲಿ ಗಟ್ಟಿ ಹೆಣ್ಣು ಅಂದರೆ ಗಂಡನನ್ನು ಕೊಲ್ಲಿಸುವವಳೇ ತಾನೆ, ಎಂದರು ಮೊನ್ನೆ ಗೆಳೆಯರೊಬ್ಬರು. ಅವರ ಮನಸ್ಸಿನಲ್ಲಿ ‘ಡಬಲ್ ಇಂಡೆಮ್ನಿಟಿ’ಯ ಬಾರ್ಬರಾ ಸ್ಟ್ಯಾನ್‌ವಿಕ್ ಇದ್ದಿರಬೇಕು. ಆಕೆಯ ಅಭಿನಯ ನನಗೂ ಮೆಚ್ಚುಗೆಯೇ. ಆದರೆ ಅದೇ 1944ರಲ್ಲಿ ಬಂದ ‘ಫ್ಯಾಂಟಮ್ ಲೇಡಿ’ ನೋಡಿದವರು ಇಷ್ಟು ಸಲೀಸಾಗಿ ಹಾಗೆನ್ನಲಾರರು. ಹಿಡಿದ ಪಟ್ಟು ಬಿಡದಿರುವುದೂ ಗಟ್ಟಿತನವೇ. ನನ್ನ ಮಟ್ಟಿಗೆ ಅದೇ ದೊಡ್ಡದು.

ಹೆಂಡತಿಯನ್ನು ಕೊಂದ ಆರೋಪ ಒಬ್ಬ ಎಂಜಿನಿಯರ್ ಮೇಲಿದೆ. ಕೊಲೆಯಾದ ಸಂಜೆ ಅವನ ಜೊತೆಗಿದ್ದ ಹೆಂಗಸು ಹೆಸರು ಹೇಳಿರಲಿಲ್ಲ. ಅವನಿಗೆ ನೆನಪಿರುವುದು ಅವಳ ವಿಚಿತ್ರ ಹ್ಯಾಟ್. ನೋಡಿದವರೆಲ್ಲ ನೋಡೇ ಇಲ್ಲ ಅನ್ನುತ್ತಾರೆ. ಮರಣದಂಡನೆಯ ತೀರ್ಪು ಬರುತ್ತದೆ. ಆಗ ಬೀದಿಗಿಳಿಯುವವಳು ಅವನ ಸೆಕ್ರೆಟರಿ ಕ್ಯಾರಲ್, ಅಂದರೆ ನಟಿ ಎಲಾ ರೇನ್ಸ್.

ಸುಳ್ಳು ಹೇಳಿದ ಬಾರ್‌ಟೆಂಡರ್ ಎದುರು, ಕೌಂಟರಿನ ಕೊನೆಯಲ್ಲಿ ಅವಳು ಬಂದು ಕೂರುತ್ತಾಳೆ. ಮಾತಿಲ್ಲ, ಬೆದರಿಕೆಯಿಲ್ಲ, ಬರೀ ನೋಟ. ಮರುದಿನವೂ ಅದೇ ಜಾಗ, ಅದೇ ನೋಟ. ಲೋಟ ಒರೆಸುವವನ ಕೈ ತಡವರಿಸುತ್ತದೆ. ಬಾರ್ ಮುಚ್ಚಿದ ಮೇಲೆ ಒದ್ದೆ ಬೀದಿಯಲ್ಲಿ ಅವನ ಹಿಂದೆ ಅವಳ ಹೀಲ್ಸ್ ಸದ್ದು. ಎತ್ತರದ ರೈಲು ನಿಲ್ದಾಣದ ಖಾಲಿ ಪ್ಲಾಟ್‌ಫಾರಂನಲ್ಲಿ ಆಟ ತಿರುಗುತ್ತದೆ: ಈಗ ಅವನು ಅವಳ ಬೆನ್ನ ಹಿಂದೆ. ಒಂದು ನೂಕು ಸಾಕು. ಅಷ್ಟರಲ್ಲಿ ಗೇಟು ತಿರುಗಿದ ಸದ್ದಾಗಿ ಇನ್ನೊಬ್ಬ ಹೆಂಗಸು ಬರುತ್ತಾಳೆ, ಅವನು ಹಿಂದೆ ಸರಿಯುತ್ತಾನೆ. ಕ್ಯಾರಲ್ ಮನೆಗೆ ಓಡಿಹೋಗುವುದಿಲ್ಲ, ಹಿಂಬಾಲಿಸುತ್ತಲೇ ಇರುತ್ತಾಳೆ. ಕೊನೆಗೆ ಅವನು ತಪ್ಪಿಸಿಕೊಳ್ಳಲು ರಸ್ತೆಗೆ ನುಗ್ಗಿ ಕಾರಿಗೆ ಸಿಕ್ಕಿ ಸಾಯುತ್ತಾನೆ. ಅವಳ ಹಟ ಒಂದು ಜೀವ ತೆಗೆದಿದೆ. ಕಥೆ ಅವಳನ್ನು ದೇವತೆ ಮಾಡುವುದಿಲ್ಲ ಎಂಬುದೇ ನನಗೆ ಇಷ್ಟ.

ನಾತ್ಸಿಗಳಿಂದ ತಪ್ಪಿಸಿಕೊಂಡು ಬಂದಿದ್ದ ರಾಬರ್ಟ್ ಸಿಯೋಡ್ಮಾಕ್ ಇದರ ನಿರ್ದೇಶಕ. ಹಿಚ್‌ಕಾಕ್‌ಗೆ ಚಿತ್ರಕಥೆ ಬರೆಯುತ್ತಿದ್ದ ಜೋನ್ ಹ್ಯಾರಿಸನ್ ನಿರ್ಮಾಪಕಿಯಾದ ಮೊದಲ ಚಿತ್ರವೂ ಇದೇ. ಆಗಿನ ಹಾಲಿವುಡ್‌ನಲ್ಲಿ ಆ ಕುರ್ಚಿಯಲ್ಲಿ ಕೂತ ಹೆಂಗಸರು ಬೆರಳೆಣಿಕೆಯಷ್ಟು.

ಒಂದು ಆಕ್ಷೇಪಕ್ಕೆ ತೂಕವಿದೆ. ಕ್ಯಾರಲ್ ಇಷ್ಟೆಲ್ಲ ಮಾಡುವುದು ತಾನು ಪ್ರೀತಿಸುವ ಯಜಮಾನನಿಗಾಗಿ. ಕೊಲೆಗಾರನ ಕೈಗೆ ಸಿಕ್ಕಾಗ ಅವಳನ್ನು ಉಳಿಸುವವರು ಪೊಲೀಸರು. ಬಹುಮಾನವಾಗಿ ಸಿಗುವುದು ದನಿ ಮುದ್ರಿಸುವ ಡಿಕ್ಟಾಫೋನ್‌ನಲ್ಲಿ ಆ ಯಜಮಾನನ ದನಿ. ಒಪ್ಪುತ್ತೇನೆ, ಆ ಮುಕ್ತಾಯ ಅವಳಿಗೆ ಸಣ್ಣದು. ಆದರೆ ಪ್ಲಾಟ್‌ಫಾರಂ ಮೇಲೆ ಅವಳ ಜೊತೆ ಅವನಿರಲಿಲ್ಲ, ಯಾರೂ ಇರಲಿಲ್ಲ. ಯಾರಿಗಾಗಿ ನಿಂತಳು ಎಂಬುದರಿಂದ ನಿಂತದ್ದು ಕಡಿಮೆಯಾಗದು.

ಇನ್ನೊಂದು ದೃಶ್ಯ. ನೋಡೇ ಇಲ್ಲ ಅಂದವರಲ್ಲೊಬ್ಬ ಡ್ರಮ್ ಬಾರಿಸುವವನು; ಅವನ ಬಾಯಿ ಬಿಡಿಸಲು ಅವಳು ಅಗ್ಗದ ಬೆಡಗಿಯ ವೇಷ ಹಾಕಿ ಅವನ ಜೊತೆ ಜಾಝ್ ನೆಲಮಾಳಿಗೆಗೆ ಹೋಗುತ್ತಾಳೆ. ಅವನು ಮುತ್ತಿಡುತ್ತಾನೆ. ಕನ್ನಡಿಯ ಮುಂದೆ ಲಿಪ್‌ಸ್ಟಿಕ್ ಸರಿಮಾಡಿಕೊಳ್ಳುವಾಗ ಅವಳ ಮುಖದಲ್ಲಿ ಅಸಹ್ಯ. ಮರುಕ್ಷಣ ಮತ್ತೆ ಅವನತ್ತ ತಿರುಗುತ್ತಾಳೆ, ನಗುತ್ತ.